ಭದ್ರೆಯ ಮೇಲ್ದಡದಲ್ಲಿ ಎರಡು ದಿನ

ಶ್ರಾವಣ ಮಾಸದಲ್ಲಿ ಮಲೆನಾಡಿನ ಪ್ರಯಾಣ ಕೈಗೊಳ್ಳುವವರನ್ನು ಬುದ್ಧಿವಂತರೆಂದು ಯಾರೂ ಕರೆಯಲಾರರು. ಆದರೂ ಕಳಸದ ಸಮೀಪದ ಕಾಫಿ ತೋಟವೊಂದರಲ್ಲಿ ನೆಲೆಸಿರುವ ನಮ್ಮ ಹಳೆಯ ಪರಿಚಿತರಾದ ಗೌಡರು, ಶ್ರಾವಣ ಸೋಮವಾರದ ಪೂಜೆಗೆ ಬಂದು ನಾಲ್ಕು ಮಾತು ಹೇಳಿಹೋಗಬೇಕೆಂದು ಮೂರು ವರ್ಷಗಳಿಂದ ಕರೆಯುತ್ತಲೇ ಇದ್ದುದರಿಂದ, ಈ ಸಲ ಚಿಕ್ಕಮಗಳೂರಿನಲ್ಲಿ ಬಸ್ಸು ಹತ್ತಿದೆವು. ಪೂಜೆಯ ನೆಪದಲ್ಲಿ ನಮಗೆ ಇನ್ನೊಂದು ಕೆಲಸವೂ ಇತ್ತು. ಮೂವತ್ತೈದು ವರ್ಷಗಳ ಹಿಂದೆ ಒಮ್ಮೆ ಕಂಡಿದ್ದ ಕುದುರೆಮುಖವನ್ನು ಮತ್ತೊಮ್ಮೆ ನೋಡಬೇಕಾಗಿತ್ತು. ಏಕೆ ನೋಡಬೇಕಾಗಿತ್ತೆಂಬುದನ್ನು ಮುಂದೆ ಹೇಳುತ್ತೇವೆ.

ಮೂಡಿಗೆರೆಯವರೆಗೆ ಮಳೆ ಹನಿಹನಿಯಾಗಿತ್ತು. ಪೂರ್ಣಚಂದ್ರ ತೇಜಸ್ವಿಯವರು ಬಾಳಿ ಬರೆದ ಊರಿದು ಎಂದು ನೆನೆಯುವಷ್ಟರಲ್ಲಿ ಬಸ್ಸು ಕೊಟ್ಟಿಗೆಹಾರ ಮುಟ್ಟಿತು. ಅಲ್ಲಿ ಚಾರ್ಮಾಡಿ ಘಾಟಿಯತ್ತ ಇಳಿಯುವ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿದರೆ ಹೇಮಾವತಿ ಹುಟ್ಟುವ ಜಾವಳಿ, ಅನಂತರ ಬಾಳೂರು, ಆಮೇಲೆ ಕಳಸದ ದಾರಿ. ಇಲ್ಲಿಂದ ಮುಂದೆ ಮಳೆಯು ಸುರಿಯುತ್ತದೆ ಎನ್ನುವುದಕ್ಕಿಂತ ನಿಂತಿರುತ್ತದೆ ಎನ್ನುವುದೇ ಸರಿ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿಯಲ್ಲಿ ತಲೆತಗ್ಗಿಸಿ ನಿಂತ ಕಾಫಿ ಗಿಡ, ಕಂಬಳಿಕೊಪ್ಪೆ ಹಾಕಿಕೊಂಡು ಚರಂಡಿ ಬಿಡಿಸುತ್ತಿರುವ ಆಳುಗಳು, ಇವೆಲ್ಲ ಮಂಜಿನಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿದ್ದವು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಲೆಮನೆ, ಮಧುಗುಂಡಿಗಳಲ್ಲಿ ಮನೆ ತೋಟಗಳು ಮಣ್ಣುಪಾಲಾದದ್ದು ಇದೇ ಮೂಡಿಗೆರೆ ಸೀಮೆಯಲ್ಲಿಯೇ. ಆ ವರ್ಷದಿಂದ ಇಲ್ಲಿನವರು ರಾತ್ರಿ ಮಳೆಯ ಸದ್ದನ್ನು ಕೇಳುವ ಬಗೆಯೇ ಬದಲಾಗಿದೆಯೆಂದು ಪಕ್ಕದಲ್ಲಿ ಕುಳಿತಿದ್ದವರು ಹೇಳಿದರು.

ಗೌಡರ ಮನೆ ಕಳಸಕ್ಕಿಂತ ಮೇಲೆ, ಭದ್ರೆಯ ದಡದಲ್ಲಿ. ನಾವು ತಲುಪಿದಾಗ ಹೊಳೆ ಕೆನ್ನೀರಾಗಿ ಹರಿಯುತ್ತಿತ್ತು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ, ಜೋರು ಮಳೆಗೆ ಮುಳುಗುವುದಕ್ಕೆಂದೇ ಹೆಸರಾದ ಹೆಬ್ಬಾಳೆಯ ಸೇತುವೆಯ ಮೇಲೆ ಅಂದು ನೀರು ಬಂದಿರಲಿಲ್ಲ. ಬರಲು ಇನ್ನೆರಡು ಮೊಳ ಸಾಕೆಂದು ಕಳಸದ ಪೇಟೆಯಲ್ಲಿ ಕೇಳಿದ್ದೆವು. ಕಾಲಿಗೆ ಹತ್ತಿದ್ದ ಉಂಬಳಗಳನ್ನು ಸುಣ್ಣ ತಾಗಿಸಿ ಬಿಡಿಸಿಕೊಂಡು, ಬಿಸಿನೀರಿನಲ್ಲಿ ಮಿಂದು, ಕಡುಬಿನ ಪ್ರಸಾದ ಮುಗಿಸಿದ ಮೇಲೆ ಗೌಡರು ಕೇಳಿದರು: “ನಾಳೆ ಕುದುರೆಮುಖಕ್ಕೆ ಹೋಗಲೇಬೇಕಾ ಶಾಸ್ತ್ರಿಗಳೆ? ಅಲ್ಲೇನಿದೆ ಈಗ?”

ಅಲ್ಲಿ ಏನಿತ್ತೆಂಬುದನ್ನು ನಾವು ಬಲ್ಲೆವು. 1989ರ ಶ್ರಾವಣದಲ್ಲಿ, ನಮಗಿನ್ನೂ ಮೂವತ್ತರ ಪ್ರಾಯ, ಅಲ್ಲಿನ ಭಕ್ತರು ಕರೆಸಿ ಪ್ರವಚನ ಮಾಡಿಸಿದ್ದರು. ಘೋರಾರಣ್ಯದ ನಡುವೆ ಸಾಲುಸಾಲಾಗಿ ಮನೆ, ಶಾಲೆ, ಆಸ್ಪತ್ರೆ, ಆಟದ ಬಯಲು, ಕತ್ತಲಾದೊಡನೆ ಹತ್ತುವ ಬೀದಿ ದೀಪ. ಕಳಸದ ಮನೆಗಳಲ್ಲಿ ಚಿಮಣಿ ಬುಡ್ಡಿ ಇನ್ನೂ ಆರಿರದಿದ್ದ ಕಾಲವದು. ಬಿಜಾಪುರ, ಧಾರವಾಡ ಕಡೆಯ ಕುಟುಂಬಗಳೂ ಅಲ್ಲಿದ್ದವು. ತಾಯಂದಿರು ಜೋಳದ ರೊಟ್ಟಿ ತಟ್ಟಿ ತಂದಿದ್ದರು. ಅಂದು ನಾವು ಕಾಯಕವನ್ನು ಕುರಿತು ಮಾತನಾಡಿದೆವು. ಬಂಡೆ ಒಡೆದು ಕಬ್ಬಿಣ ತೆಗೆಯುವವನ ಬೆವರು ನೇಗಿಲು ಹಿಡಿದವನ ಬೆವರಿಗೆ ಸಮವೆಂದೆವು, ಜನ ತಲೆದೂಗಿದರು. ನಾವೂ ತೃಪ್ತರಾಗಿ ಮರಳಿದೆವು. ಅದೇ ಮಳೆಗಾಲದಲ್ಲಿ, ಅದೇ ಭದ್ರೆಯ ಕೆಳದಡದ ನಮ್ಮ ಮಠದಲ್ಲಿ, ಇಷ್ಟಲಿಂಗದ ಅಭಿಷೇಕಕ್ಕೆ ತಂದ ನೀರನ್ನು ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ತಂಬಿಗೆಯ ತಳದಲ್ಲಿ ಕೆಂಪು ಪದರ ಕೂರುತ್ತಿತ್ತು. ಮಲೆನಾಡಿನ ಹೊಳೆ ಮಳೆಗಾಲದಲ್ಲಿ ಕೆಂಪಾಗುವುದು ಹೊಸತಲ್ಲವೆಂದು ಹಿರಿಯರು ಹೇಳಿದರು. ನಾವು ಮುಂದೆ ಕೇಳಲಿಲ್ಲ. ಕೇಳಬೇಕಾಗಿತ್ತೆಂದು ಈಗ ತೋರುತ್ತದೆ.

ಕುದುರೆಮುಖದ ಕಥೆಯನ್ನು ಅರಿಯದ ಕಿರಿಯರಿಗಾಗಿ ಸಂಕ್ಷೇಪವಾಗಿ ಹೇಳಬೇಕು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು 1913ರ ಹೊತ್ತಿಗೇ ಇಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದ್ದರು. ಆದರೆ ಅದಿರು ಕೆಳದರ್ಜೆಯದು; ಸುಮಾರು ಮೂರು ಟನ್ ಬಂಡೆಯನ್ನು ಹಿಟ್ಟಿನಂತೆ ಅರೆದು ಶೋಧಿಸಿದರೆ ಒಂದು ಟನ್ ಸಾಂದ್ರ ಅದಿರು ದೊರೆಯುತ್ತದೆ. ಮಿಕ್ಕ ಎರಡು ಪಾಲು ಹೂಳು. 1975ರಲ್ಲಿ ಇರಾನಿನ ದೊರೆ ಷಾ ಅವರ ಸರಕಾರ ಹಣ ಕೊಡಲು ಒಪ್ಪಿತು, 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರ ಅದಿರು ತೆಗೆಯುವ ಯೋಜನೆ. ಅರೋಳಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಮಂಗಳೂರು ಬಂದರಿಗೆ ಹರಿಸಿದರು. ಸ್ಥಾವರ ಸಿದ್ಧವಾಗುವ ಹೊತ್ತಿಗೆ, 1979ರ ಕ್ರಾಂತಿಯಲ್ಲಿ ಷಾ ಅಧಿಕಾರ ಕಳೆದುಕೊಂಡಿದ್ದರು. ಕೊಳ್ಳುವೆನೆಂದ ದೇಶ ಹಿಂದೆ ಸರಿದು, ಬೇರೆ ಕೊಳ್ಳುಗರನ್ನು ಹುಡುಕಬೇಕಾಯಿತು. ಟೆಹರಾನಿನ ಬೀದಿಯಲ್ಲಿ ಎದ್ದ ಕೂಗಿಗೂ ಕಳಸದ ಗುಡ್ಡಕ್ಕೂ ನಂಟಿರುವುದನ್ನು ಅಂದು ಯಾರು ಊಹಿಸಿದ್ದರು?

ಅರೆದು ಉಳಿದ ಹೂಳನ್ನು ಏನು ಮಾಡುವುದು? ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡವಾಗಿ ಸುಮಾರು ನೂರು ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿ, ಇಡೀ ಕಣಿವೆಯಲ್ಲಿ ಅದನ್ನು ತುಂಬಿದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ನೆಲ ಇದು. ಕಡಿದ ಗುಡ್ಡದ ಬೆತ್ತಲೆ ಮೆಟ್ಟಿಲುಗಳ ಮೇಲೆ ಬಿದ್ದ ಮಳೆ ಮಣ್ಣನ್ನು ಹೊತ್ತು ಭದ್ರೆಗೆ ಇಳಿಯಿತು. ಬಾಳೆಹೊನ್ನೂರಿನ ಮುಂದೆ ಹಾದು ಲಕ್ಕವಳ್ಳಿಯ ಜಲಾಶಯದವರೆಗೆ ನಡೆಯಿತು. ಜಲಾನಯನ ಪ್ರದೇಶದಲ್ಲಿ ಅಲ್ಪ ಭಾಗವಷ್ಟೇ ಇರುವ ಗಣಿಯು ಹೊಳೆಯ ಹೂಳಿನಲ್ಲಿ ಬಹುದೊಡ್ಡ ಪಾಲನ್ನು ಕೊಡುತ್ತಿತ್ತೆಂದು ವಿಜ್ಞಾನಿಗಳು ಅಳೆದು 2006ರಲ್ಲಿ ಪ್ರಕಟಿಸಿದರು. ನಮ್ಮ ತಂಬಿಗೆಯ ತಳದ ಕೆಂಪು ಪದರಕ್ಕೆ ಹೀಗೊಂದು ಲೆಕ್ಕವೂ ಇತ್ತು.

1969ರಿಂದ ಮೂವತ್ತು ವರ್ಷಗಳ ಗುತ್ತಿಗೆ 1999ಕ್ಕೆ ಮುಗಿಯಿತು. ಅಷ್ಟರೊಳಗೆ, 1987ರಲ್ಲಿ, ಈ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು. ಸಿಂಗಳೀಕಗಳು ಉಳಿದಿರುವ ಅಪರೂಪದ ಕಾಡು. ಗುತ್ತಿಗೆ ಮುಂದುವರಿಸಬೇಕೆ ಬೇಡವೆ ಎಂಬ ಹೋರಾಟ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು.

ಮರುದಿನ ಗೌಡರ ಜೀಪಿನಲ್ಲಿ ಸಂಸೆಯ ಚಹಾ ತೋಟಗಳನ್ನು ದಾಟಿ ಕುದುರೆಮುಖ ತಲುಪಿದೆವು. ಊರು ಇದೆ, ಊರವರು ಇಲ್ಲ. ಬಹುಪಾಲು ಮನೆಗಳ ಮಾಡು ಹಾರಿದೆ, ಇಲ್ಲವೆ ಕುಸಿದಿದೆ. ಕಿಟಕಿಗಳ ಚೌಕಟ್ಟಿನಿಂದ ಲಂಟಾನ ಹೊರಗೆ ಇಣುಕುತ್ತದೆ. ಗೋಡೆಯ ಮೇಲೆ ಪಾಚಿ ಬೆರಳುದ್ದ ಬೆಳೆದಿದೆ. ನಾವು ಪ್ರವಚನ ಮಾಡಿದ ಸಭಾಂಗಣವನ್ನು ಹುಡುಕಿದೆವು. ಯಾವುದೆಂದು ಖಚಿತವಾಗಿ ಗುರುತಿಸಲಾಗಲಿಲ್ಲ. ಒಂದು ಮನೆಯ ಹಿತ್ತಿಲಲ್ಲಿ ಮಾತ್ರ ಯಾರೋ ನೆಟ್ಟ ದಾಸವಾಳ ಮೈತುಂಬ ಹೂಬಿಟ್ಟು, ನೋಡುವವರಿಲ್ಲದೆ ನೆನೆಯುತ್ತಿತ್ತು. ಜೋಳದ ರೊಟ್ಟಿ ತಂದಿದ್ದ ಆ ತಾಯಂದಿರು ಈಗ ಯಾವ ಊರುಗಳಲ್ಲಿ ಯಾರ ಮನೆಯ ಅಜ್ಜಿಯಂದಿರಾಗಿದ್ದಾರೆಯೋ! ಗಣಿ ನಿಂತಾಗ ಕೆಲಸ ಹೋದವರು, ಕಳಸದ ಪೇಟೆಯಲ್ಲಿ ವ್ಯಾಪಾರ ಕುಸಿದವರು ಬಹಳ. ಹೊಳೆ ಉಳಿಯಿತೆಂದು ಸಂತೋಷ ಪಡುವಾಗ ಅವರನ್ನು ಮರೆಯಲಾಗದು. ಕಾಡು ಉದ್ಯಾನವಾದುದರಿಂದ ಒಳಗಿನ ಮಲೆಕುಡಿಯರಿಗೂ ಇತರ ಬಡ ಒಕ್ಕಲುಗಳಿಗೂ ಎದ್ದುಹೋಗಬೇಕಾದೀತೆಂಬ ಭಯ ಹುಟ್ಟಿತೆಂಬುದೂ ಸತ್ಯವೇ.

ಅಲ್ಲಿ ನಿಂತಾಗ ನಮಗೆ ನೆನಪಾದುದು, ಚಿತ್ರಗಳಲ್ಲಿ ಮಾತ್ರ ಕಂಡಿದ್ದ ಇನ್ನೊಂದು ಊರು. ಆಗ ಸೋವಿಯತ್ ಒಕ್ಕೂಟದಲ್ಲಿದ್ದ, ಈಗ ಯುಕ್ರೇನಿಗೆ ಸೇರಿದ ಪ್ರಿಪ್ಯಾಟ್. ಅದೂ ಒಂದು ಸ್ಥಾವರಕ್ಕಾಗಿಯೇ 1970ರಲ್ಲಿ ಕಟ್ಟಿದ ಊರು. ಅದರ ಸನಿಹದ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ರಿಯಾಕ್ಟರು 1986ರ ಏಪ್ರಿಲ್ 26ರ ನಡುರಾತ್ರಿಯ ನಂತರ ಸಿಡಿಯಿತು. ಮರುದಿನ ಮಧ್ಯಾಹ್ನ ಸಾವಿರಕ್ಕೂ ಮಿಕ್ಕಿದ ಬಸ್ಸುಗಳು ಬಂದವು. ಮೂರು ದಿನಗಳ ಮಟ್ಟಿಗೆಂದು ಹೇಳಿ ಸುಮಾರು 49,000 ಜನರನ್ನು ಕರೆದೊಯ್ದವು. ಆ ಮೂರು ದಿನ ಇನ್ನೂ ಮುಗಿದಿಲ್ಲ. ನಮ್ಮ ಮಲೆನಾಡಿನ ಕಾಫಿಯನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ದೇಶ ಅದು. 1991ರಲ್ಲಿ ಆ ಒಕ್ಕೂಟ ಒಡೆದಾಗ ಇಲ್ಲಿನ ಬೆಳೆಗಾರರು ಕಂಗಾಲಾದದ್ದು ಹಲವರಿಗೆ ನೆನಪಿದೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಲ್ಲಿ ಗಾಳಿಯಲ್ಲಿ ಹಾರಿದ ವಿಕಿರಣದ ಅಯೋಡಿನ್ ಹುಲ್ಲಿಗೆ ಬಿದ್ದು, ಹಸುವಿನ ಹಾಲಿಗೆ ಬಂದು, ಹಾಲು ಕುಡಿದ ಮಕ್ಕಳಲ್ಲಿ ಮುಂದೆ ಸಾವಿರಾರು ಮಂದಿಗೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಬಂತು. ಇಲ್ಲಿನ ಹೂಳು ಅಂಥ ವಿಷವಲ್ಲ. ಗದ್ದೆಗೆ ನುಗ್ಗಿದರೆ ಪೈರನ್ನು ಹೂಳೀತು, ಮೀನಿನ ಉಸಿರು ಕಟ್ಟೀತು. ಆದರೂ ಒಂದು ವಿಷಯ ನಮ್ಮನ್ನು ಕಾಡಿತು. ಚೆರ್ನೋಬಿಲ್ಲಿನ ನೆಲಕ್ಕೆ ಬಿದ್ದ ಸೀಸಿಯಂ ಎಂಬ ಧಾತುವಿನ ಅರ್ಧಾಯುಷ್ಯ ಮೂವತ್ತು ವರ್ಷ. ಅಂದರೆ 2016ರ ಹೊತ್ತಿಗೆ ಅದರ ಅರ್ಧ ಪಾಲು ತಾನಾಗಿಯೇ ತಣಿದಿದೆ. ಲಕ್ಯಾ ಕಣಿವೆಯ ಹೂಳಿಗೆ ಅರ್ಧಾಯುಷ್ಯವೆಂಬುದೇ ಇಲ್ಲ. ಮಳೆ ಬೀಳುವಷ್ಟು ಕಾಲವೂ ಅದನ್ನು ಯಾರಾದರೂ ಕಾಯುತ್ತಲೇ ಇರಬೇಕು. ಅದಿರು ಮಾರಿದ ಹಣ ಬಂದುಹೋಯಿತು, ಕಾವಲು ಉಳಿಯಿತು. 2024ರಲ್ಲಿ ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ನಡೆಸಲು ಅರಣ್ಯ ಭೂಮಿ ಕೊಡುವ ಪ್ರಶ್ನೆ ಎದ್ದಾಗ, ಕುದುರೆಮುಖದ ಬಾಕಿ ಮೊದಲು ತೀರಲಿ ಎಂದು ರಾಜ್ಯದ ಅರಣ್ಯ ಸಚಿವರು ಪಟ್ಟು ಹಿಡಿದದ್ದನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿರಬಹುದು.

ಅಣೆಕಟ್ಟಿನ ಮೇಲಿನ ಬಯಲು ಮಂಜಿನ ಸೆರಗು ಸರಿದಾಗ ಕ್ಷಣಕಾಲ ಕಂಡಿತು. ಮಟ್ಟಸ, ನಿಶ್ಶಬ್ದ, ಹುಲ್ಲು ಹಬ್ಬಿದ ನೆಲ. ತಿಳಿಯದವರು ಸುಂದರವಾದ ಮೈದಾನವೆಂದೇ ಭಾವಿಸಿಯಾರು.

ಸಂಜೆ ಮನೆಗೆ ಮರಳಿದ ಮೇಲೆ ಗೌಡರ ಮನೆಯ ತಾಯಿ ನಮ್ಮೆದುರು ಕುಳಿತು, ಎರಡು ದಿನಗಳಿಂದ ಹೇಳಲೋ ಬೇಡವೋ ಎಂದು ತಡೆದಿದ್ದ ಮಾತನ್ನು ಹೇಳಿದರು. ಅವರ ಹಿರಿಯ ಮಗ ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ಸೊಸೆ ಐದು ತಿಂಗಳ ಬಸುರಿ. ಅಲ್ಲಿಯೇ ಗಂಡನೊಡನೆ ವಸತಿಗೃಹದಲ್ಲಿದ್ದಾಳೆ.

“ಅವಳನ್ನ ಈಗಲೇ ಇಲ್ಲಿಗೆ ಕಳಿಸು ಅಂತೀನಿ. ಅವನು ಕೇಳಲ್ಲ. ಕಣ್ಣಿಗೆ ಕಾಣೋ ಕೇಡಾದ್ರೆ ತಪ್ಪಿಸ್ಕೋಬಹುದು, ಕಾಣದೇ ಇರೋದನ್ನ ಏನು ಮಾಡೋದು ಶಾಸ್ತ್ರಿಗಳೆ? ನೀವಾದರೂ ಅವನಿಗೆ ಒಂದು ಮಾತು ಹೇಳಿ.”

ಕೈಗಾ ಕಳಸದಿಂದ ನೇರ ಗೆರೆಯಲ್ಲಿ ಸುಮಾರು ಇನ್ನೂರು ಕಿಲೋಮೀಟರ್ ದೂರ, ಕಾಳಿ ನದಿಯ ದಡ. ಅದೂ ಇಂಥದೇ ಕಾಡು, ಇಂಥದೇ ಮಳೆ. ಆ ಸ್ಥಾವರ ಬೇಡವೆಂದು ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭೆಯ ಚುನಾವಣೆಗೇ ನಿಂತರು, ಗೆಲ್ಲಲಿಲ್ಲ. ಡಾ. ಕುಸುಮಾ ಸೊರಬರು ಊರೂರು ಅಲೆದು ಜನರನ್ನು ಎಚ್ಚರಿಸಿದರು. 1994ರ ಮೇ 13ರಂದು, ಇನ್ನೂ ಕಟ್ಟಲಾಗುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ನೂರು ಟನ್ನಿಗೂ ಮೀರಿ ಕಳಚಿ ಬಿದ್ದು ಕೆಲಸಗಾರರು ಗಾಯಗೊಂಡರು. ಇಂಧನ ತುಂಬುವ ಮೊದಲೇ ಆದುದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಿ, 2000ದಲ್ಲಿ ವಿದ್ಯುತ್ ತೆಗೆದರು. ಅದೇ ಘಟಕ 2018ರ ಕೊನೆಯ ದಿನದವರೆಗೆ ಎಡೆಬಿಡದೆ 962 ದಿನ ನಡೆದು ಜಗತ್ತಿನ ದಾಖಲೆ ಮಾಡಿತು. ಬಿದ್ದದ್ದನ್ನು ಹೇಳಿದವರು ನಡೆದದ್ದನ್ನೂ ಹೇಳಬೇಕು.

ಆದರೆ ಆ ತಾಯಿಯ ಭಯಕ್ಕೆ ಬೇರು 2009ರ ನವೆಂಬರಿನಲ್ಲಿದೆ. ಅಂದು ಕೈಗಾದಲ್ಲಿ ಎಂದಿನಂತೆ ನೌಕರರ ಮೂತ್ರ ಪರೀಕ್ಷೆ ನಡೆಸಿದಾಗ ಐವತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಟ್ರಿಟಿಯಂ ಇರಬೇಕಾದುದಕ್ಕಿಂತ ಅಧಿಕವಾಗಿ ಕಂಡಿತು. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ಬೆರೆಸಿದ್ದರು. ಒಳಗಿನವರದೇ ಕಿಡಿಗೇಡಿತನವೆಂದು ಸರಕಾರವೇ ಹೇಳಿತು. ಟ್ರಿಟಿಯಂ ಎಂದರೆ ಜಲಜನಕದ ಭಾರವಾದ ಸಹೋದರ. ಅದು ನೀರಿನಲ್ಲಿ ಬೆರೆಯುವುದಲ್ಲ, ತಾನೇ ನೀರಾಗಿಬಿಡುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಅದರ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕೆ ಸ್ವಲ್ಪ ಹೆಚ್ಚು; ಆದರೆ ಮನುಷ್ಯನ ಮೈಯಿಂದ ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧರ್ಧವಾಗಿ ಹೊರಬೀಳುತ್ತದೆ, ಹೆಚ್ಚು ನೀರು ಕುಡಿದಷ್ಟೂ ಬೇಗ. ಅಂದು ಆ ನೌಕರರಿಗೆ ಮಾಡಿದ ಚಿಕಿತ್ಸೆಯೂ ಮುಖ್ಯವಾಗಿ ಅದೇ. ನೀರು ಕೆಡಿಸಿದುದನ್ನು ನೀರಿನಿಂದಲೇ ತೊಳೆಯಬೇಕಾಯಿತು.

ನಮ್ಮ ತಂಬಿಗೆಯ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಲಾದರೂ ಆಗುತ್ತಿತ್ತು. ಇದನ್ನು ಯಾವ ಬಟ್ಟೆ ಸೋಸೀತು? ಪಾದೋದಕವೆಂದು ನೀರಿಗೆ ತಲೆಬಾಗುವ ನಮ್ಮವರಿಗೆ ಈ ಪ್ರಶ್ನೆ ಇತರರಿಗಿಂತ ಹೆಚ್ಚು ಚುಚ್ಚಬೇಕು.

ಆ ತಾಯಿಗೆ ನಾವು ತಿಳಿದಷ್ಟನ್ನು ಹೇಳಿದೆವು. ಕೂಲರಿನ ಘಟನೆ ಸ್ಥಾವರದ ಒಳಗಾದದ್ದು, ವಸತಿಯ ನಲ್ಲಿಯಲ್ಲಲ್ಲ. ಸುತ್ತಲಿನ ಹಳ್ಳಿಗಳ ಹಾಲು, ಅಕ್ಕಿ, ಮೀನು, ಹೊಳೆಯ ನೀರನ್ನು ಅಳೆಯುವ ಪ್ರಯೋಗಶಾಲೆ ಅಲ್ಲಿದೆ. ಮಗನಿಗೆ ನಮಗಿಂತ ಚೆನ್ನಾಗಿ ತಿಳಿದಿರುತ್ತದೆ. ಅವರು ಎಲ್ಲವನ್ನೂ ಕೇಳಿ, “ಅಳೆಯೋರೂ ಅವರೇ, ಹೇಳೋರೂ ಅವರೇ” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಿಪ್ಯಾಟಿನಲ್ಲಿ ಸ್ಫೋಟವಾದ ದಿನ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು, ಯಾರೂ ಏನೂ ಹೇಳಿರಲಿಲ್ಲ. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾದಲ್ಲಿ ಕಡಲು ಉಕ್ಕಿ ಮೂರು ರಿಯಾಕ್ಟರುಗಳ ಇಂಧನ ಕರಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹೋದ ಆಸ್ಪತ್ರೆ, ಆಶ್ರಯಗಳಲ್ಲಿ ವೃದ್ಧರು ವಿಕಿರಣದಿಂದಲ್ಲ, ಎಬ್ಬಿಸಿ ಸಾಗಿಸಿದ ದಣಿವಿನಿಂದಲೇ ಬಹುಸಂಖ್ಯೆಯಲ್ಲಿ ತೀರಿಕೊಂಡರು. ಚೆರ್ನೋಬಿಲ್ಲಿನ ನಿಷೇಧಿತ ವಲಯಕ್ಕೆ ಅಪ್ಪಣೆಯಿಲ್ಲದೆ ಮರಳಿ ಹೋಗಿ, ತಮ್ಮ ಹಿತ್ತಿಲಲ್ಲೇ ಆಲೂಗಡ್ಡೆ ಬೆಳೆದುಕೊಂಡು ಬದುಕಿದ ಮುದುಕಿಯರೂ ಇದ್ದರು. ಅವರ ಮಾತು ಬಂದಾಗ ಆ ತಾಯಿ ಮೊದಲ ಬಾರಿಗೆ ನಕ್ಕು, “ನಾನಾದರೂ ಹಾಗೇ ಮಾಡ್ತಿದ್ದೆ” ಎಂದರು.

ಆಗ ಗೌಡರು ಹೇಳಿದ ವಿಷಯ ನಮಗೆ ಹೊಸದು. ಅಂಜಿಕೆ ಈ ಮನೆಯಿಂದ ಕೈಗಾಕ್ಕೆ ಮಾತ್ರ ಹೋಗುವುದಲ್ಲ, ಅಲ್ಲಿಂದಲೂ ಇಲ್ಲಿಗೆ ಬರುತ್ತದೆಯಂತೆ. 2019ರ ಜನವರಿ 25ರಂದು ಬ್ರೆಜಿಲ್ ದೇಶದ ಬ್ರುಮಾಡಿನೋದಲ್ಲಿ ಕಬ್ಬಿಣದ ಗಣಿಯೊಂದರ ಹೂಳಿನ ಅಣೆಕಟ್ಟು, ಬಳಕೆ ನಿಂತು ವರ್ಷಗಳಾಗಿದ್ದರೂ, ಒಮ್ಮೆಲೆ ಕುಸಿದು 270 ಜನರನ್ನು ನುಂಗಿತು. ಆ ಸುದ್ದಿ ಓದಿದ ಮಗ ಅಂದಿನಿಂದ ಪ್ರತಿ ಮಳೆಗಾಲವೂ ರಾತ್ರಿ ಫೋನು ಮಾಡುತ್ತಾನೆ: ತೋಟ ಮಾರಿ ಚಿಕ್ಕಮಗಳೂರಿಗೆ ಬನ್ನಿ, ಲಕ್ಯಾದ ಕೆಳಗೆ ಇರಬೇಡಿ. ಎಲ್ಲ ಅಣೆಕಟ್ಟುಗಳನ್ನೂ ಒಂದೇ ಬಗೆಯಲ್ಲಿ ಕಟ್ಟಿರುವುದಿಲ್ಲವೆಂದು, ಇದು ನಾಲ್ಕು ದಶಕಗಳ ಮಳೆ ಕಂಡಿದೆಯೆಂದು ಗೌಡರು ಸಮಾಧಾನ ಹೇಳುತ್ತಾರೆ. “ನಾನು ಹೇಳೋದು ಅವನು ಹೇಳೋ ಹಾಗೇ ಇರುತ್ತೆ ನೋಡಿ. ಅವನು ಅಲ್ಲಿ ಏನೂ ಆಗಲ್ಲ ಅಂತಾನೆ, ನಾನು ಇಲ್ಲಿ ಏನೂ ಆಗಲ್ಲ ಅಂತೀನಿ. ಇಬ್ಬರೂ ನಂಬಲ್ಲ.”

1989ರಲ್ಲಿ ನಾವು ಆಡಿದ ಕಾಯಕದ ಮಾತನ್ನು ಆಗ ಅವರ ಮುಂದೆ ಬಿಚ್ಚಿದೆವು. ಅಂದು ಬೆವರನ್ನು ಮಾತ್ರ ಕಂಡಿದ್ದೆವು. ಬೆವರು ಸತ್ಯವಾದುದೇ, ಆದರೆ ಕೆಲಸ ಮುಗಿದ ಮೇಲೆ ಉಳಿಯುವ ಕಸವನ್ನು ಯಾರ ಮನೆಯ ಬಾಗಿಲಿಗೆ ಬಿಟ್ಟೆವೆಂಬುದೂ ಕಾಯಕದ ಲೆಕ್ಕಕ್ಕೆ ಸೇರಬೇಕೆಂದು ಆ ಸಭೆಯಲ್ಲಿ ನಾವು ಹೇಳಲಿಲ್ಲ, ನಮಗೆ ಹೊಳೆದೂ ಇರಲಿಲ್ಲ. ಕೇಳಿದವರು ಈಗ ಚದುರಿಹೋಗಿದ್ದಾರೆ, ತಿದ್ದಿ ಹೇಳಲು ಸಭೆಯೂ ಇಲ್ಲ, ಸಭಾಂಗಣವೂ ಇಲ್ಲ. ಗೌಡರು ಏನೂ ಹೇಳದೆ ಒಲೆಗೆ ಒಂದು ಕೊಳ್ಳಿ ಒಟ್ಟಿದರು.

ಬೆಳಗಿನ ಪೂಜೆಗೆ ಆ ತಾಯಿ ನೀರು ತಂದರು. ಹೊಳೆಯದಲ್ಲ, ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ನೀರು. ತಂಬಿಗೆಯ ತಳ ತಿಳಿಯಾಗಿ ಕಂಡಿತು. ಅಭಿಷೇಕ ಮುಗಿಯುವ ಹೊತ್ತಿಗೆ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಗೌಡರು ಎತ್ತಿ, ಆ ಕಡೆಯ ಮಾತು ಕೇಳಿ, ಕಿಟಕಿಯಾಚೆ ನೋಡುತ್ತ ಹೇಳಿದರು: “ಹ್ಞೂಂ, ಇಲ್ಲೂ ಜೋರೇ ಇದೆ ಮಗಾ. ಹೊಳೆ ನಿನ್ನೆಗಿಂತ ಒಂದು ಮೊಳ ಇಳಿದಿದೆ. ಅಲ್ಲಿ ಹೇಗಿದೆ?”